ಒಂದು ಮಾತ್ರೆ ಹೆಚ್ಚಾದರೆ

ಮಂಗಳವಾರದ ದೋಣಿ ಆರಕ್ಕೆ ಬಿಡುತ್ತದೆ
ಚಿಲೊಯೆಯ ಪೂರ್ವದ ಪುಟ್ಟ ದ್ವೀಪಗಳಿಗೆ.
ಔಷಧಿ ಪೆಟ್ಟಿಗೆ ಮೂರು, ತೂಕದ ಯಂತ್ರ ಒಂದು,
ಸಾಂತಿಯಾಗೋದಿಂದ ಬಂದು ಹನ್ನೊಂದು ವಾರವಾದ
ಡಾಕ್ಟರ್ ವೆರ್ಗಾರಾ,
ಮತ್ತೆ ನಾನು, ಮಿರೇಯಾ,
ಅವನು ಬರೆದದ್ದನ್ನು ಓದಿ ಕೊಡುವವಳು.

ಕೊಡದೆ ಇರುವುದೂ ನನ್ನ ಕೆಲಸವೇ.
ಅದನ್ನು ನೇಮಕದ ಪತ್ರದಲ್ಲಿ ಬರೆದಿರಲಿಲ್ಲ.

ಶಾಲೆಯ ಕೋಣೆಯೇ ಕ್ಲಿನಿಕ್. ಗೋಡೆಗೆ ಮಗ್ಗಿ,
ಮಕ್ಕಳು ಬಿಡಿಸಿದ ನೀಲಿ ತಿಮಿಂಗಿಲ.
ಎಂಬತ್ತೊಂದರ ಎದೆಲ್ಮಿರಾ ಚಿಗುವಾಯ್
ಬಿಸ್ಕತ್ತಿನ ಡಬ್ಬಿಯನ್ನು ಬೆಂಚಿನ ಮೇಲೆ ಬೋರಲು ಹಾಕಿದಳು:
ಬಿಳಿ, ಹಳದಿ, ಅರ್ಧ ಮುರಿದ ಗುಲಾಬಿ,
ತೀರಿಕೊಂಡ ಗಂಡನ ಹೆಸರಿದ್ದ ಚೀಟಿಯೂ ಒಂದು.
"ಎಲ್ಲ ಡಾಕ್ಟರುಗಳೇ ಕೊಟ್ಟದ್ದು, ನಾನು ಕದ್ದದ್ದಲ್ಲ."

ನಿಜ. ರಕ್ತದೊತ್ತಡಕ್ಕೆ ಒಬ್ಬ ಕೊಟ್ಟ, ಕಾಲು ಊದಿತು.
ಊದಿದ ಕಾಲಿಗೆ ಇನ್ನೊಬ್ಬ ನೀರಿಳಿಸುವುದನ್ನು ಕೊಟ್ಟ,
ರಾತ್ರಿ ಮೂರು ಸಲ ಎದ್ದಳು.
ಎದ್ದವಳಿಗೆ ನಿದ್ದೆಯದು.
ನಿದ್ದೆಯದನ್ನು ನುಂಗಿಯೂ ಎದ್ದವಳು
ಒಲೆಯ ಮೂಲೆಗೆ ಬಿದ್ದಳು. ಬಿದ್ದ ಸೊಂಟಕ್ಕೆ ನೋವಿನದು,
ನೋವಿನದು ತಂದ ಹೊಟ್ಟೆಯುರಿಗೆ ಮತ್ತೊಂದು.
ಈಗ ತಲೆಸುತ್ತು.
ವೆರ್ಗಾರಾ ಪೆನ್ನಿನ ಕ್ಯಾಪು ತೆಗೆದ.

ಒಂದು ನಿಮಿಷ, ಎಂದೆ.

ಮಾತ್ರೆ ಎಂದರೆ ಅಳತೆ.
ಪದ್ಯ ಕಟ್ಟುವವರಿಗೆ ಗೊತ್ತು,
ಒಂದು ಹೆಚ್ಚಾದರೆ ಸಾಲು ಮುಗ್ಗರಿಸುತ್ತದೆ.
ಮುದುಕಿಯೂ.
ಮದ್ದು ಎಂಬ ಮಾತೂ ಹಾಗೆಯೇ, ನಂಬುವಂತಿಲ್ಲ:
ವಾಸಿ ಮಾಡುವುದೂ ಅದೇ, ಅನ್ನದಲ್ಲಿ ಕಲಸಿ ಇಡುವುದೂ ಅದೇ,
ತೋಪಿಗೆ ತುಂಬುವುದೂ ಅದೇ.

ಅವನಿಗೆ ಸಿಟ್ಟು ಬಂತು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡ.
ಸರಪಳಿಯನ್ನು ಹಿಂದಿನಿಂದ ಬಿಚ್ಚುತ್ತ ಹೋದೆವು.
ನಿದ್ದೆಯದನ್ನು ಥಟ್ಟನೆ ನಿಲ್ಲಿಸುವಂತಿಲ್ಲ,
ವಾರಗಟ್ಟಲೆ, ಕಾಲು ಕಾಲು ಭಾಗ.
ಬರೆಯಲು ಒಂದು ನಿಮಿಷ ಸಾಕು,
ಹೊಡೆದುಹಾಕಲು ಬೆಳಗಿನ ಅರ್ಧ ಹೋಯಿತು.

ಆಮೇಲೆ ಯೊವಾನಾ ನಾವೆಲ್ಕಿನ್, ಇಪ್ಪತ್ಮೂರು,
ಮೀನಿನ ಕಾರ್ಖಾನೆಯ ರಬ್ಬರ್ ಬೂಟು ಇನ್ನೂ ಕಾಲಲ್ಲಿ.
ಫಿಟ್ಸಿಗೆ ಅದೇ ಔಷಧಿ, ಅದೇ ಡೋಸು,
ಒಂದು ಸಹಿ ಸಾಕು, ಹಡಗು ಕಾಯುತ್ತಿದೆ ಎಂದಳು.

ಒಂಬತ್ತು ವರ್ಷದ ಹಿಂದೆ, ಬೇರೆ ದ್ವೀಪದಲ್ಲಿ,
ಇದೇ ಔಷಧಿ, ನಾನು ಕೇಳಲಿಲ್ಲ.
ಸಾಲು ಉದ್ದವಿತ್ತು. ಉಬ್ಬರ ಇಳಿಯುತ್ತಿತ್ತು.
ಆ ಹುಡುಗ ಈಗ ಗಾಲಿಕುರ್ಚಿಯಲ್ಲಿ ಕುಳಿತು
ಚದುರಂಗದಲ್ಲಿ ನನ್ನನ್ನು ಸೋಲಿಸುತ್ತಾನೆ.
ಅವನಮ್ಮ ಪ್ರತಿ ಸುಗ್ಗಿಗೂ
ಒಂದು ಚೀಲ ಆಲೂಗಡ್ಡೆ ಕಳಿಸುತ್ತಾಳೆ.
ಅವಳಿಗೆ ಗೊತ್ತಿಲ್ಲ.
ಗೊತ್ತಿರಲೂಬಹುದು.

ಬಾಗಿಲು ಮುಚ್ಚಿ ಕೇಳಿದೆ, "ಕೊನೆಯ ಸಲ ಮುಟ್ಟಾದದ್ದು ಯಾವಾಗ?"
ಯೊವಾನಾ ತಿಮಿಂಗಿಲವನ್ನು ನೋಡಿದಳು.
ಬಹಳ ಹೊತ್ತು ನೋಡಿದಳು.
"ಯಾರಿಗೂ ಹೇಳಿಲ್ಲ" ಎಂದಳು. ನಂತರ,
"ಇವತ್ತಿನಿಂದಲೇ ಬಿಟ್ಟುಬಿಡಲೇ ಹಾಗಾದರೆ?"

ಬೇಡ. ಅದನ್ನಂತೂ ಮಾಡಬೇಡ ಮಾರಾಯ್ತಿ.
ನೀನಾಗಿ ಬಿಟ್ಟ ರಾತ್ರಿ ಫಿಟ್ಸ್ ಬಂದರೆ
ಮುಳುಗುವುದು ಇಬ್ಬರೂ.
ಬದಲಾಯಿಸೋಣ, ಬಲ್ಲವರನ್ನು ಕೇಳಿ, ಈಗಲೇ.

ಸಿಗ್ನಲ್ ಸಿಗುವುದು ಚರ್ಚಿನ ದಿಣ್ಣೆಯ ಮೇಲೆ ಮಾತ್ರ.
ವೆರ್ಗಾರಾ ಹೊಸ ಶೂಗಳಲ್ಲಿ ಕೆಸರು ಹತ್ತಿದ,
ಕಾಸ್ತ್ರೋದ ನರರೋಗ ತಜ್ಞೆಗೆ ಫೋನು ಹಚ್ಚಲು.
ಕಿಟಕಿಯಲ್ಲಿ ಅವನು ಬೆರಳಷ್ಟಾದ,
ಒಂದು ಕೈ ಕಿವಿಗೆ, ಇನ್ನೊಂದರಲ್ಲಿ
ಏನೂ ಬರೆಯದ ಚೀಟಿ ಗಾಳಿಗೆ ಪಟಪಟ.
ದೋಣಿಯವನು ಹಾರ್ನ್ ಹೊಡೆದ. ಎರಡು ಸಲ.
ಬೆನ್ನುನೋವಿನ ದೊನ್ ಎಲೆಉತೇರಿಯೊ ಹೊರಗಿನಿಂದ ಕೂಗಿದ:
"ನನ್ನದು ಬರೀ ನೋವಿನ ಗುಳಿಗೆ, ಕೊಟ್ಟು ಕಳಿಸಮ್ಮ!"
"ದಿನಕ್ಕೆಷ್ಟು ಕುಡಿಯುತ್ತೀರಿ?"
"ಉತ್ತರ ನಿನಗೆ ಬೇಕೋ, ನನ್ನ ಹೆಂಡತಿಗೋ?"

ಇಳಿತ ನಮ್ಮನ್ನು ಬಿಟ್ಟು ಹೋಯಿತು.
ದೋಣಿ ಕೆಸರಲ್ಲಿ ವಾಲಿಕೊಂಡು ಮಲಗಿತು.

ರಾತ್ರಿ ಎದೆಲ್ಮಿರಾಳ ಅಡುಗೆಮನೆ. ಚಿಪ್ಪುಮೀನಿನ ಸಾರು.
ಒಲೆಯ ಆ ಮೂಲೆಗೆ ಈಗ ಬಟ್ಟೆ ಸುತ್ತಿದ್ದಾರೆ.
ಯೊವಾನಾ ಹೊಸ ಚೀಟಿಯನ್ನು ಮಡಚಿ, ಬಿಚ್ಚಿ,
ಮತ್ತೆ ಮಡಚಿ ಕೂತಿದ್ದಳು.
ಮುದುಕಿ ಉಪ್ಪಿನ ಚಮಚ ಎತ್ತಿದವಳು
ಪಾತ್ರೆಯ ಮೇಲೆ ಹಾಗೆಯೇ ಹಿಡಿದು
ನನ್ನತ್ತ ತಿರುಗಿದಳು:

"ಹಾಕಲೇ?"